ಅರ್ಧ ಇಂಚು

ಖಡೇಬಜಾರಿನ ಈ ಅಂಗಡಿಗೆ ಬರುವವರು
ಹೆಚ್ಚಾಗಿ ಸತ್ತವರು, ಇಲ್ಲವೆ ದೇವರು.
ನಡುನಡುವೆ ಒಂದಿಷ್ಟು ಪದವಿಪತ್ರ.
ಇವತ್ತು ಹೊನಗೇಕರ ಸುಬೇದಾರರ ಮೊಮ್ಮಗಳು
ಸೀರೆಯ ಡಬ್ಬಿಯಿಂದ ಬಿಡಿಸಿ ಇಟ್ಟಳು
ನಾಲ್ವರು ಹೆಂಗಸರನ್ನು, ಒಂದು ಕೆಂಪು ಬಾಗಿಲನ್ನು.

‘ಅಜ್ಜ ಜಪಾನದಿಂದ ತಂದದ್ದರಿ, ಲಡಾಯಿ ಮುಗದ ಮ್ಯಾಲೆ.
ಎರಡ ಪಾಕೀಟ ಸಿಗರೇಟ ಕೊಟ್ಟು ತಗೊಂಡನಂತ.
ಅಜ್ಜಿ ಗ್ವಾಡಿಗೆ ಹಾಕಗೊಡಲಿಲ್ಲ,
ಯಾರ ಮನಿ ಹೆಣ್ಮಕ್ಕಳೋ ಏನೋ ಅಂತ.’

ಕಾಗದ ಹಗುರ, ಉಳ್ಳಾಗಡ್ಡಿಯ ಒಳಸಿಪ್ಪೆಯ ಹಾಗೆ.
ತಿರುವಿ ನೋಡಿದೆ: ಬೆನ್ನ ತುಂಬ
ಸುತ್ತು ಸುತ್ತಾಗಿ ಉಜ್ಜಿದ ಗುರುತು.
ಯಾರೋ ತೋಳಿನ ಬಲವೆಲ್ಲ ಹಾಕಿ
ಬಣ್ಣವನ್ನು ಒಳಗೆ ಕಳಿಸಿದ್ದಾರೆ.
ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಹಲಗೆಯಂತೆ.
ಕೆಂಪಿನ ಹಲಗೆ ಕೂದಲೆಳೆಯಷ್ಟು ಜರುಗಿ
ಬಾಗಿಲ ಕೆಂಪು ಒಬ್ಬಳ ತೋಳಿಗೆ ತಾಗಿದೆ,
ಗುಡಿಯ ನೂಕಾಟದಲ್ಲಿ
ಯಾರದೋ ಕೈಯ ಕುಂಕುಮ ತಾಗುವ ಹಾಗೆ.
ಹಿಮಕ್ಕೆ ಮಾತ್ರ ಹಲಗೆಯಿಲ್ಲ.
ಅಲ್ಲಿ ಏನೂ ಮಾಡದೆ ಬಿಟ್ಟಿದ್ದಾರೆ, ಅಷ್ಟೆ.

ಮುಖಗಳೆಲ್ಲ ಒಂದೇ.
ಅದೇ ನೀಳ ಮೂಗು, ಅದೇ ಚಿಟಿಕೆ ಬಾಯಿ;
ಕೆತ್ತಿದವನಿಗೆ ಒಬ್ಬಳೇ ಗೊತ್ತಿದ್ದಳೇನೋ.
ಬಟ್ಟೆ ಮಾತ್ರ ಒಬ್ಬೊಬ್ಬರದು ಒಂದೊಂದು,
ಕೊಕ್ಕರೆ, ನೀರಿನ ಸುಳಿ, ಬಿದಿರೆಲೆ,
ಇನ್ನೊಬ್ಬಳದು ಬರೀ ನೀಲಿ, ಸಂಜೆಯಷ್ಟು ನೀಲಿ.
ನಾನು ವಡಗಾವಿಯ ನೇಕಾರರ ಮಗಳು.
ಮುಖ ಮರೆತೇನು, ಸೆರಗು ಮರೆಯಲಾರೆ.
ಈ ನಡುಪಟ್ಟಿಗೆ ಹದಿನೈದು ದಿನ,
ಈ ಅಂಚಿಗೆ ಒಬ್ಬರ ಕಣ್ಣು ಹೋಗಿರಬೇಕು
ಎಂದು ಬೆರಳು ತಾನೇ ಎಣಿಸುತ್ತಿತ್ತು,

ಆಗ ಸಿಕ್ಕಳು ಐದನೆಯವಳು.
ಎಡಕ್ಕೆ, ಕಾಗದ ಮುಗಿಯುವಲ್ಲಿ
ಅರ್ಧ ಕೊಡೆ, ಒಂದು ತೋಳು, ಒಂದು ಪಾದ.
ಕಟ್ಟಿಗೆಯ ಚಪ್ಪಲಿಯ ಉಂಗುಟ ಕಿತ್ತಿದೆಯೋ,
ಒಳಗೆ ಹೋಗುವ ಮನಸ್ಸೇ ಇಲ್ಲವೋ,
ಬಗ್ಗಿದ್ದಾಳೆ. ಯಾರೂ ಹೊರಳಿ ನೋಡುತ್ತಿಲ್ಲ.

ಇಮಾಂಹುಸೇನ ಚಾಚಾ ಟೇಪು ಹಿಡಿದು
‘ರಟ್ಟಿಗೆ ಸುತ್ತಲೂ ಅರ್ಧ ಇಂಚ ಹೋಗತದ’ ಎಂದರು.
ಮೊಮ್ಮಗಳು ಮೊಬೈಲಿನಿಂದ ತಲೆಯೆತ್ತದೆ,
‘ಹೋಗಲಿ ಬಿಡ್ರಿ. ನಾಕ್ ಮಂದಿ ಕಂಡ್ರ ಸಾಕು.’
ಶನಿವಾರ ಬರುತ್ತೇನೆಂದು ಹೋದಳು.

ನೀಲವ್ವತ್ತಿ ಸೋಮವಾರ ಸೋಮವಾರ
ನಮ್ಮನ್ನೆಲ್ಲ ಕಪಿಲೇಶ್ವರನ ಗುಡಿಗೆ ಕರೆತಂದು
ತಾನು ಹೊರಗೇ ಉಳಿಯುತ್ತಿದ್ದಳು,
ಕಟ್ಟೆಯ ಮೇಲೆ, ಎಲ್ಲರ ಚಪ್ಪಲಿ ಕಾಯುತ್ತ.
ಯಾಕತ್ತಿ ಎಂದರೆ ಸಲಕ್ಕೊಂದು ನೆವ:
ಮೊಣಕಾಲು, ಗದ್ದಲ, ಹೊಸ ಚಪ್ಪಲಿ.
ಒಮ್ಮೆ ಮಾತ್ರ, ಶೇಂಗಾ ಸುಲಿಯುತ್ತ, ಅಂದಿದ್ದಳು:
‘ಅವಗೂ ಬ್ಯಾಸರಾಗಿ ಹೊರಗ ಬಂದಾನು ಒಂದಿನಾ.
ಮಾತಾಡ್ಸಾಕ ಒಬ್ಬರರ ಬೇಕಲ್ಲ ಇಲ್ಲೆ?’

ಅವಳ ಫೋಟೋ ನಮ್ಮಲ್ಲಿಲ್ಲ.
ಅಕ್ಕನ ಮದುವೆಯ ಗುಂಪಿನ ಚಿತ್ರದಲ್ಲಿ
ಬಲಗಡೆ ಒಂದು ಮೊಣಕೈ ಇದೆ, ನಾಲ್ಕು ಹಸಿರು ಬಳೆ;
ಅದು ಅವಳದೇ ಎಂದು ಅವ್ವ, ಅಲ್ಲವೆಂದು ಅಪ್ಪ.

ಚಾಚಾ ನಮಾಜಿಗೆ ಹೋದ ಹೊತ್ತಿನಲ್ಲಿ
ರಟ್ಟಿಗೆ ಬ್ಲೇಡು ಇಟ್ಟೆ.
ಮೂರು ಬದಿಗೆ ಅರ್ಧ ಇಂಚು,
ಎಡಕ್ಕೆ ಒಂದು ದಾರದಷ್ಟು.
ಸೊಟ್ಟ ಕಾಣುತ್ತದೆ, ನಿಜ. ಸೀರೆಯಾಗಿದ್ದರೆ
ಅಪ್ಪ ಮಗ್ಗದಿಂದ ಇಳಿಸಿ ಒಗೆಯುತ್ತಿದ್ದ.
ಚಾಚಾ ಬಂದವರು ಕನ್ನಡಕ ಹಣೆಗೇರಿಸಿ ನೋಡಿದರು,
ಏನೋ ಅನ್ನಲು ಹೋಗಿ
ಗಾಜು ಒರೆಸಿ ಕೊಟ್ಟರು.

ಶನಿವಾರ ಬೈದರೆ ಬೈಯಲಿ.
ಸದ್ಯ ರಸೀದಿ ಬರೆದಿಟ್ಟಿದ್ದೇನೆ:
ಜಪಾನಿ ಚಿತ್ರ, ಒಂದು. ತೇಗದ ಕಟ್ಟು.
ಹೆಂಗಸರು, ಐದು ಮಂದಿ.