ಬಿಲ್ಲೆ

ಹಟ್ಟಿಯ ಗಣಿಯೊಳಗೆ ಫೋನು ಬಿಡುವುದಿಲ್ಲ.
ಲ್ಯಾಂಪ್ ರೂಮಿನ ಕಿಂಡಿಯಲ್ಲಿ ಕೊಟ್ಟು
ಹಿತ್ತಾಳೆಯ ಬಿಲ್ಲೆ ತಗೊಳ್ಳಬೇಕು.
ನನ್ನದು ನಾನೂರ ಹದಿನೇಳು.
ಪಾಳಿ ಮುಗಿದರೂ ಬಿಲ್ಲೆ ಮೊಳೆಗೆ ಮರಳದಿದ್ದರೆ
ಮನುಷ್ಯ ಇನ್ನೂ ಒಳಗಿದ್ದಾನೆ ಎಂದು ಲೆಕ್ಕ.

ಕೇಜಿನ ಬಾಗಿಲು ಎಳೆದರು ಅಂದರೆ
ಬಾಯಿಬಡುಕ ಯಂಕೋಬನೂ ಸುಮ್ಮನಾಗುತ್ತಾನೆ.
ನಾನು ಮೇಲಿನ ಉಕ್ಕಿನ ಹಗ್ಗಕ್ಕೆ ಕೈಮುಗಿದು
ಗುರುಗುಂಟಿ ಅಮರೇಶಾ ಅನ್ನುತ್ತೇನೆ.
ಎರಡು ಸಾವಿರ ಅಡಿ. ಕಿವಿ ಮುಚ್ಚಿ, ತೆರೆಯುತ್ತದೆ.

ಕೆಳಗೆ ಮೊದಲ ಪಾಠ ಹೇಳಿದವನು ಮುದುಕಪ್ಪ:
ಸಬ್ಬಲ್ಲಿಲೆ ಚಾವಣಿ ಬಡಿ. ಬಾಯಿ ಮುಚ್ಚು. ಕೇಳು.
ಗಟ್ಟಿ ಕಲ್ಲು ಘಣ್ ಅಂತೈತಿ.
ಸಡ್ಲಾದದ್ದು ಡಬ್ ಅಂತೈತಿ, ಒಡಕ ಗಡಿಗಿ ಹಂಗ.
ಡಬ್ ಅಂದಲ್ಲಿ ನಿಂದ್ರಬ್ಯಾಡ, ಯಾರನ್ನೂ ನಿಂದ್ರಸಬ್ಯಾಡ.

ಹದಿನಾಲ್ಕು ವರ್ಷ ಆ ಸದ್ದು ಕೇಳಿದ್ದೇನೆ.

ಬುತ್ತಿ ಬಿಚ್ಚಿದರೆ, ಆ ಕತ್ತಲೆಯಲ್ಲಿ,
ರೊಟ್ಟಿಯ ಅಂಚಿಗೆ ರೇಣವ್ವನ ಬೆರಳ ಗುರುತು ಕಾಣುತ್ತದೆ.
ನಿನ್ನೆ ಅವಳು ಆಡಿದ, ನಾನು ಕೇಳಿಯೇ ಇಲ್ಲ ಎಂದುಕೊಂಡ ಮಾತು
ತಲೆದೀಪದ ಬೆಳಕಿನೊಳಗೆ ಧೂಳಿನಂತೆ
ನಿಧಾನ ಇಳಿದು ಬರುತ್ತದೆ:
ಅವ್ವನಿಗೆ ಮಂಡಿ ಹಿಡಿದಿದೆ. ಅಮರವ್ವನ ಹಲ್ಲು ಅಲುಗುತ್ತಿದೆ.
ನೆಲದ ಹೊಟ್ಟೆಯಲ್ಲಿ ನಾನು ಮನೆಯಲ್ಲಿರುತ್ತೇನೆ.

ಮೇಲೆ ಬಂದು, ಬಿಲ್ಲೆ ಕೊಟ್ಟು, ಫೋನು ಕೈಗೆ ಬಂದ ಗಳಿಗೆ
ಮನೆ ಬಿಟ್ಟು ಹೋಗುತ್ತೇನೆ.

ಯಾರದೋ ಮದುವೆಯ ಕುಣಿತಕ್ಕೆ,
ಹೆಸರೇ ಕೇಳದ ಊರಿನ ಜಗಳಕ್ಕೆ,
ಪಾಳಿಯ ಗುಂಪಿನಲ್ಲಿ ಎದ್ದು ನಿಂತ ನೂರಿಪ್ಪತ್ತು ಹೆಬ್ಬೆರಳಿಗೆ.
ದೇವರೂ ಅಲ್ಲಿಗೇ ಬರುತ್ತಿದ್ದ,
ಸೋಮವಾರ ಮುಂಜಾನೆ, ಮಿನುಗುವ ಗುಲಾಬಿ ಹೂವಿನ ನಡುವೆ:
ಹನ್ನೊಂದು ಮಂದಿಗೆ ಕಳಿಸಿರಿ.
ಕಳಿಸಿದೆ. ಅಲ್ಲಿಗೆ ನನ್ನ ಪೂಜೆ ಮುಗಿಯಿತು.
ಅವ್ವ ಹಚ್ಚಿದ ಗೂಡಿನ ದೀಪದ ಫೋಟೋ ತೆಗೆದೆ,
ಎಣ್ಣೆ ತೀರುತ್ತಿದ್ದದ್ದು ನೋಡಲಿಲ್ಲ.

ಒಂದು ರಾತ್ರಿ ಮಗಳು ಬಂದು ನಿಂತಳು.
ಯಪ್ಪಾ, ಹಲ್ಲು ಬಿತ್ತು. ಮಾಳಿಗಿ ಮ್ಯಾಲ ಒಗೀಲಾ, ಹುಗೀಲಾ?
ಹೂಂ, ಅಂದೆ.
ಒಗೀಲಾ, ಹುಗೀಲಾ?
ಹೂಂ.

ಡಬ್.

ಆ ಸದ್ದು ನನಗೆ ಗೊತ್ತು.
ಗಣಿಯಲ್ಲಿ ಪಳಗಿದ ಕಿವಿ ಸುಳ್ಳು ಹೇಳುವುದಿಲ್ಲ.
ಸರಿಯಾಗಿ ಅದರ ಕೆಳಗೇ ನಿಂತಿದ್ದಳು ಅವಳು
ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಹಲ್ಲು ಹಿಡಿದು.

ಆಮೇಲೆ ಫೋನನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟೆ.
ಅಲ್ಲೂ ಗುಂಯ್ ಅಂದಿತು.
ಜ್ವಾಳಕ್ಕ ನುಸಿ ಹತ್ತೈತಿ ನೋಡು, ರೇಣವ್ವ ನಕ್ಕಳು.
ಮೂರು ದಿನಕ್ಕೆ ಮತ್ತೆ ಕಿಸೆಗೆ ಬಂತು, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ಸಂಜೆ ಹೊಸ್ತಿಲಲ್ಲಿ ಅಮರವ್ವ,
ಸೋಡಾ ಬಾಟಲಿಯ ಮುಚ್ಚಳ ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ
ಮೊಳೆಯಿಂದ ಕೊರೆದಿದ್ದಳು, ಏಳು ಮಾತ್ರ ತಿರುಗಾಮುರುಗಾ:
ನಾನೂರ ಹದಿನೇಳು.
ಫೋನ್ ಕೊಡು. ಬಿಲ್ಲಿ ತಗೋ. ಒಳಗ ನಡಿ.

ಒಳಗೆ ಹೋದೆ. ಅವ್ವನ ಪಕ್ಕ ಗೂಡಿನೆದುರು ಕೂತೆ.
ಶಾಂತಿ ಗೀಂತಿ ಏನೂ ಬರಲಿಲ್ಲ.
ತೊಡೆಯ ಮೇಲೆ ಇಲ್ಲದ ಫೋನು ಎರಡು ಸಲ ನಡುಗಿತು,
ಸೊಳ್ಳೆ ಕಚ್ಚಿತು, ನಾಳೆಯ ಪಾಳಿ ನೆನಪಾಯಿತು.
ಬೇರೆ ಕೆಲಸವಿಲ್ಲದೆ
ಅವ್ವನ ತುಟಿಯ ಸದ್ದಿಗೆ ಕಿವಿಗೊಟ್ಟೆ,
ಬಂಡೆಗೆ ಕೊಡುವ ಹಾಗೆ.

ಮಂತ್ರ ಅಂದುಕೊಂಡಿದ್ದೆ ಇಷ್ಟು ವರ್ಷ.
ಅದು ನನ್ನ ಹೆಸರು. ಆಮೇಲೆ ಎರಡೇ ಮಾತು:
ಇಳದಂವ ಏರಲಿ. ಇಳದಂವ ಏರಲಿ.
ಬೆರಳ ಗೆಣ್ಣು ಎಣಿಸಿ, ನೂರೆಂಟು ಸಲ,
ಹದಿನಾಲ್ಕು ವರ್ಷದಿಂದ, ನನ್ನ ಮಗ್ಗುಲಲ್ಲೇ.

ಎದ್ದು ದೀಪಕ್ಕೆ ಎಣ್ಣೆ ಹಾಕಿದೆ.
ರೇಣವ್ವ ರೊಟ್ಟಿ ಬಡಿಯುವ ಸದ್ದು ನಿಂತು, ಮತ್ತೆ ಶುರುವಾಯಿತು.
ಊಟಕ್ಕ ಬಾ ಅಂದಳು. ಹೂಂ ಅಂದೆ.
ಮಗಳು ತಲೆಯೆತ್ತಿ ನೋಡಿದಳು.

ಅಮರೇಶ ಬಂದಿದ್ದನೋ ಇಲ್ಲವೋ ನಾನರಿಯೆ.
ಮುಷ್ಟಿಯೊಳಗೆ ಮುಚ್ಚಳ ಬೆಚ್ಚಗಿತ್ತು,
ಬಾಗಿಲ ಮೊಳೆ ಬರಿದಾಗಿತ್ತು:
ಮನುಷ್ಯ ಇನ್ನೂ ಒಳಗಿದ್ದಾನೆ ಎಂದು ಲೆಕ್ಕ.