ಕಲೆ

ಕುಯೋಪಿಯೊ ಊರಿನ ಆಸ್ಪತ್ರೆಗೆ
ಮುಖದ ತುಂಬ ಬರ್ಚ್ ಮರಗಳು.
ಗಾಜಿನ ಮೇಲೆ ಅಚ್ಚು ಹಾಕಿದ್ದು, ಬಿಳಿ ಚುಕ್ಕಿಗಳಲ್ಲಿ;
ಹತ್ತಿರ ಹೋದರೆ ರವೆ ಚೆಲ್ಲಿದ ಹಾಗೆ,
ಕಲ್ಲವೇಸಿ ಸರೋವರದ ಆಚೆ ದಡದಿಂದ ಕಾಡು.
ನಿಜವಾದ ಬರ್ಚುಗಳು ಮೊದಲು ಅಲ್ಲೇ ಇದ್ದವಂತೆ,
ಈಗ ಕಾರು ನಿಲ್ಲುವಲ್ಲಿ.
ಕಡಿಯುವ ಮುಂಚೆ ಫೋಟೋ ತೆಗೆದುಕೊಂಡರು.
ಮರ್ಯಾದಸ್ಥರು.

ನಾನು ಲೆಂಬಿತ್, ಎಸ್ಟೋನಿಯದ ವೊರುವಿನವನು.
ಕಡಲು ದಾಟಿ ಬಂದು ಹಗ್ಗದಲ್ಲಿ ನೇತಾಡುತ್ತೇನೆ,
ಸೊಂಟಕ್ಕೆ ಬಕೆಟ್ಟು, ಕೈಯಲ್ಲಿ ರಬ್ಬರು ಪಟ್ಟಿ.
ನಗರಸಭೆ ಅವರಿಗೆ ದುಡ್ಡು ಕೊಟ್ಟಿದ್ದು ಕಲೆಗೆ,
ನನಗೆ ಕೊಡುವುದು ಕಲೆ ತೆಗೆಯುವುದಕ್ಕೆ.

ಅವರ ಭಾಷೆ, ನಮ್ಮ ಭಾಷೆ ಅಕ್ಕ ತಂಗಿಯರು,
ಮಾತು ಬಿಟ್ಟ ಅಕ್ಕ ತಂಗಿಯರು.
ಸರ್ಕಾರಕ್ಕೆ ಅವರು ಹಲ್ಲಿತುಸ್ ಅನ್ನುತ್ತಾರೆ;
ನಮ್ಮಲ್ಲಿ ಹಾಗೆಂದರೆ ಬೂಷ್ಟು.
ಮೊದಲ ವರ್ಷ ರೇಡಿಯೊದಲ್ಲಿ ವಾರ್ತೆ ಕೇಳಿ
ನಕ್ಕ ರಭಸಕ್ಕೆ ಹಗ್ಗ ಅಲ್ಲಾಡಿತ್ತು.

ನಾಲ್ಕನೆಯ ಮಹಡಿ, ಎಡಗಡೆಯಿಂದ ಏಳನೆಯ ಗಾಜು,
ಎರಡು ಕಾಂಡಗಳ ನಡುವೆ ಒಂದು ಕಲೆ.
ನೀರು ಹೊಡೆದೆ. ಸೋಪು ಹಚ್ಚಿದೆ. ವಿನಿಗರ್ ತಂದೆ.
ಹಕ್ಕಿಯದಿರಬೇಕು ಅಂದುಕೊಂಡೆ:
ಹುಳಿ ಬಂದ ರೋವನ್ ಹಣ್ಣು ತಿಂದು ಅಮಲೇರಿ
ಜುಟ್ಟಿನ ಹಕ್ಕಿಗಳು ಗಾಜಿಗೆ ಬಡಿಯುವುದುಂಟು.
ಆದರೆ ಈ ಗೋಡೆಗಲ್ಲ. ಇಷ್ಟು ಚುಕ್ಕಿ ಇದ್ದರೆ
ಇಲ್ಲಿ ದಾರಿಯಿಲ್ಲವೆಂದು ಕುಡಿದ ಹಕ್ಕಿಗೂ ತಿಳಿಯುತ್ತದೆ.
ಮೂರು ಬೇಸಗೆ ಉಜ್ಜಿದೆ. ಉಗುರಲ್ಲಿ ಕೆರೆದೆ.
ಅದು ಕೂತೇ ಇತ್ತು,
ಊಟ ಮುಗಿದರೂ ಏಳದ ನೆಂಟನ ಹಾಗೆ.

ನಾಲ್ಕನೆಯ ಬೇಸಗೆ, ಒಳಗಿನಿಂದ ಯಾರೋ ತಟ್ಟಿದರು.
ಸಲೈನಿನ ಕಂಬ ಹಿಡಿದು ನಿಂತ ಮುದುಕಿ.
ಬೇಡ ಬೇಡವೆಂದು ತಲೆಯಾಡಿಸಿದಳು,
ಆಮೇಲೆ ಬಲಗೈ ಹೆಬ್ಬೆರಳು ಎತ್ತಿ ತೋರಿಸಿದಳು.
ಶಭಾಷ್ ಅಂತಿದ್ದಾಳೆ!
ನಾನೂ ಒದ್ದೆ ಗವಸಿನ ಹೆಬ್ಬೆರಳು ಎತ್ತಿದೆ.
ಅವಳು ನಕ್ಕಳು, ಪಕ್ಕೆ ಹಿಡಿದುಕೊಂಡು ನಕ್ಕಳು,
ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮತ್ತೆ ತೋರಿಸಿದಳು.
ನಾನೂ ಮತ್ತೆ.
ಮೂರು ಪದರ ಗಾಜು. ಒಂದು ಮಾತೂ ದಾಟಲಿಲ್ಲ.

ಗುರುವಾರ ಕ್ಯಾಂಟೀನಿನಲ್ಲಿ ಬಟಾಣಿ ಸಾರು ಬಡಿಸುತ್ತ
ಸಿಸ್ಕೊ ಹೇಳಿದಳು: ಅದು ಹಿಲ್ಕಾ,
ಗಾಜಿನ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ.
ಈ ಕಾಡನ್ನು ಹಾಳೆ ಹಾಳೆಯಾಗಿ ತಪಾಸಣೆ ಮಾಡಿದ್ದು ಅವಳೇ.
ಹಸಿ ಬಣ್ಣಕ್ಕೆ ಒಮ್ಮೆ ಹೆಬ್ಬೆರಳು ತಾಗಿತಂತೆ,
ಶುಕ್ರವಾರ, ಕೆಲಸ ಬಿಡುವ ಹೊತ್ತು.
ಕಾಣದವಳಂತೆ ಕುಲುಮೆಗೆ ತಳ್ಳಿದಳಂತೆ.
ಆರುನೂರ ಐವತ್ತು ಡಿಗ್ರಿ.
ಬಣ್ಣ ಗಾಜಾಯಿತು, ಬೆರಳು ಗಾಜಾಯಿತು.
ಒಳಗಿನಿಂದ ಚುಕ್ಕಿಗಳು ಬರೀ ಕಪ್ಪು,
ಬಿಳಿಯ ಬೆನ್ನಿಗೆ ಕಪ್ಪು ಮೆತ್ತಿರುತ್ತಾರೆ, ರೋಗಿಗೆ ಹೊರಗೆ ಕಾಣಲಿ ಅಂತ.
"ವಾರ್ಡಿಗೆ ಬಂದಾಗಿನಿಂದ ಹುಡುಕುತ್ತಿದ್ದಳು ಯಾವ ಗಾಜು ಅಂತ.
ನೀನೇ ಹುಡುಕಿಕೊಟ್ಟೆಯಂತೆ, ಉಜ್ಜಿ ಉಜ್ಜಿ."

ಈ ವರ್ಷ ಆ ಮಂಚದಲ್ಲಿ ಒಬ್ಬ ಹುಡುಗ,
ಕಾಲಿಗೆ ಕಟ್ಟು, ಕಣ್ಣು ಫೋನಿನಲ್ಲಿ.
ಹಿಲ್ಕಾ ಮನೆಗೆ ಹೋದಳೊ, ಇನ್ನೆಲ್ಲಿಗೊ;
ಸಿಸ್ಕೊ ರಜೆಯಲ್ಲಿದ್ದಾಳೆ, ಬೇರೆ ಯಾರನ್ನೂ ಕೇಳಲಿಲ್ಲ.
ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ.
ಗೆರೆಯೊಳಗೆ ಗೆರೆ ಸುತ್ತಿಕೊಂಡು,
ಕಡಿದ ಬುಡದಲ್ಲಿ ಕಾಣುವ ಸುತ್ತುಗಳ ಹಾಗೆ.
ಫೋಟೋಕ್ಕೆ ಸಿಗದೆ ಉಳಿದಿದ್ದು ಅದೊಂದೇ.

ವಾಕಿಟಾಕಿಯಲ್ಲಿ ಮೇಸ್ತ್ರಿ ಕೇಳಿದ:
ನಾಲ್ಕನೆಯದು, ಏಳು?
ಕಲೆ ಇದೆ, ಅಂದೆ.
ಇದ್ದರೆ ತೆಗಿ, ಅಂದ.

ಹಗ್ಗ ಸಡಿಲಿಸಿ
ಮೂರನೆಯ ಮಹಡಿಗೆ ಇಳಿದೆ.