ಎಲ್ಲಿಗೋ ಗೊತ್ತಿಲ್ಲೆ

ಮುಹರ್ರಕ್ಕಿನ ಹಳೇ ಮನೆಗೆ ರಿಪೇರಿಗೆ ಹೋದರೆ
ನಾನು ಕೇಳುವ ಮೊದಲ ಮಾತು: ಬೋರ್ಡು ಎಲ್ಲಿದೆ?
ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.
ಹುಟ್ಟಿ ಬೆಳೆದ ಮನೆ. ಗೊತ್ತಿಲ್ಲ.

ಕೋಳಿಗೂಡಿನೊಳಗೆ ಸಿಕ್ಕಿದ್ದಿದೆ, ಮೊಟ್ಟೆಯ ಪಕ್ಕ, ಬೆಚ್ಚಗೆ.
ಬಚ್ಚಲಲ್ಲಿ, ಷವರಿನಿಂದ ಒಂದೇ ಮೊಳ ಆಚೆ;
ಆ ಮನೆಯಲ್ಲಿ ಇಪ್ಪತ್ತು ವರ್ಷ ಎಲ್ಲರೂ
ಬಲಕ್ಕೆ ವಾಲಿಕೊಂಡೇ ಮಿಂದಿದ್ದಾರೆ.
ಒಮ್ಮೆ ಕಪಾಟಿನ ಬೆನ್ನು ಕೊಯ್ದು ನೋಡಿದೆ:
ಮದುವೆಯ ಬಟ್ಟೆಗಳ ಹಿಂದೆ ಒಂಬತ್ತು ಫ್ಯೂಸು,
ಅತ್ತರಿನೊಳಗೆ ಸುಟ್ಟ ರಬ್ಬರಿನ ವಾಸನೆ.

ತಪ್ಪು ಯಾರದೂ ಅಲ್ಲ.
ಗೋಡೆ ಎದ್ದು, ಮಕ್ಕಳು ಹುಟ್ಟಿ,
ಒಬ್ಬಿಬ್ಬರು ಸತ್ತೂ ಆದಮೇಲೆ ಕರೆಂಟು ಬಂತು,
ಪಂಕ್ತಿ ಎದ್ದ ಮೇಲೆ ಬಂದ ನೆಂಟನ ಹಾಗೆ.
ಜಾಗ ಇದ್ದಲ್ಲಿ ಕೂತಿತು.

ಉಮ್ ಗಾನಿಮಳ ಮನೆಯಲ್ಲಿ ಅದು ಕೂತದ್ದು
ಮೆಟ್ಟಿಲ ಕೆಳಗೆ, ನೀರಿನ ಹೂಜಿ ಇಡುತ್ತಿದ್ದ ಗೂಡಿನಲ್ಲಿ.
ಕಡಲಿಂದ ಎತ್ತಿ ತಂದ ಕಲ್ಲಿನ ಗೋಡೆ,
ಇವತ್ತಿಗೂ ಉಪ್ಪು ಬೆವರುತ್ತದೆ,
ತಾಮ್ರ ಹಸಿರಾಗುತ್ತದೆ.
ಮಧ್ಯಾಹ್ನ ಕಳೆದರೆ ಏಸಿ ಬೀಳುತ್ತದೆ ಸದೀಖ್, ಎಂದಳು.
ಮಂಡಿಯೂರಿ, ಟಾರ್ಚು ಹಲ್ಲಿಗೆ ಕಚ್ಚಿ
ಮುಚ್ಚಳ ತೆಗೆದೆ.
ಒಣಗಿದ ಹಲ್ಲಿಯೊಂದು. ಮತ್ತೆ ಕನ್ನಡ.

ಬಿಳಿ ಪಟ್ಟಿಯ ಮೇಲೆ ಪೆನ್ಸಿಲು, ಮೇಷ್ಟ್ರ ಏಟು ತಿಂದ ದುಂಡಕ್ಷರ:
ಚಾವಡಿ. ಅಡಿಗೆಕೋಣೆ. ಉಪ್ಪರಿಗೆ. ಬಚ್ಚಲಕೊಟ್ಟಿಗೆ.
ಶೇಖುಗಳ ಮಜ್ಲಿಸನ್ನು ಯಾವನೋ ಚಾವಡಿ ಮಾಡಿ ಹೋಗಿದ್ದಾನೆ!
ಕೊನೆಯ ಫ್ಯೂಸಿನ ಕೆಳಗೆ, ಸ್ವಲ್ಪ ಅವಸರದಲ್ಲಿ,
‘ಇದ್ ಎಲ್ಲಿಗೋ ಗೊತ್ತಿಲ್ಲೆ’.

ನಗು ಬಂದು ಟಾರ್ಚು ಬಾಯಿಂದ ಜಾರಿತು.
ಕುಂದಾಪುರದವನೇ. ಗಂಗೊಳ್ಳಿಯೂ ಇರಬಹುದು.
ಹೆಸರೇನು ಅಮ್ಮ ಅವನದು?
ಹೆಸರು ನೆನಪಿಲ್ಲ ಅವಳಿಗೆ. ತೆಳ್ಳಗಿದ್ದ, ಸಕ್ಕರೆಯಿಲ್ಲದ ಚಹಾ.
ನಮ್ಮ ಗಾನಿಮ್ ಆಗ ತೆವಳುತ್ತಿದ್ದ,
ಅವನ ವಯರು ಎಳೆದು ಎಳೆದು ಬಿಚ್ಚುತ್ತಿದ್ದ, ಅವನು ಬೈಯಲಿಲ್ಲ.
ಗಾನಿಮನಿಗೆ ಈಗ ಮೊಮ್ಮಗಳಿದ್ದಾಳೆ.

ಗೊತ್ತಿಲ್ಲದ್ದನ್ನು ಕಿತ್ತು ನೋಡಿದೆ.
ಫ್ಯಾನು ತಿರುಗುತ್ತಲೇ ಇತ್ತು, ಫ್ರಿಜ್ಜು ಗೊಣಗುತ್ತಲೇ.
ಆಮೇಲೆ ಗೋಡೆಯ ಆಚೆಯಿಂದ
ಯಾರೋ ತೆಲುಗಿನಲ್ಲಿ ಬೈದರು.

ಪಕ್ಕದ ಮನೆ. ಈಗ ಎಂಟು ಜನ ಮೇಸ್ತ್ರಿಗಳ ರೂಮು,
ಮೊದಲು ಅವಳ ಮೈದುನನದು.
ದೋಣಿಯ ಒಂದು ಎಂಜಿನ್ನಿಗೆ ಜಗಳವಾಗಿ
ಅಂಗಳದ ನಡುವೆ ಗೋಡೆ ಎದ್ದಿತಂತೆ.
ಬಾವಿ ಹಂಚಿಕೊಂಡರು, ಖರ್ಜೂರದ ಮರ ಕಡಿದು ಹಂಚಿಕೊಂಡರು.
ವಯರು ಗೋಡೆಯೊಳಗಿತ್ತು, ಯಾರಿಗೂ ಕಾಣಲಿಲ್ಲ.
ಆಚೆಯ ಮೆಟ್ಟಿಲ ದೀಪ ಒಂದೇ ಒಂದು
ಈಚೆಯ ಬಿಲ್ಲಿನಲ್ಲಿ ಉರಿಯುತ್ತ ಬಂತು,
ಮೈದುನ ತೀರಿದ ರಾತ್ರಿಯೂ.

ಇಷ್ಟು ವರ್ಷ ನೀವೇ ದುಡ್ಡು ಕಟ್ಟಿದಿರಿ, ಅಮ್ಮ.
ಕತ್ತರಿಸಲಾ?
ಇಕ್ಕಳ ಕೈಯಲ್ಲೇ ಇತ್ತು.

ನಾವು ವಿಮಾನ ಇಳಿದ ವಾರವೇ ಕಲಿಯುವ ಮಾತು ಖಲ್ಲಿ ವಲ್ಲಿ.
ಕೆಲಸ ಹೋಯಿತೆ, ಖಲ್ಲಿ ವಲ್ಲಿ.
ಸಂಬಳ ಮೂರು ತಿಂಗಳು ಬಾಕಿಯೆ, ಖಲ್ಲಿ ವಲ್ಲಿ.
ಅವಳು ಅರ್ಧ ಮಾತ್ರ ಹೇಳಿದಳು.
ಖಲ್ಲಿ. ಇರಲಿ ಬಿಡು.
ಗಹ್ವಾದ ಬಟ್ಟಲು ತೊಳೆಯಲು ಒಳಗೆ ಹೋದಳು.

ಏಸಿಯ ತೊಂದರೆ ಸಣ್ಣದು. ನ್ಯೂಟ್ರಲ್ಲು ಸಡಿಲ, ಉಪ್ಪು ಹಿಡಿದಿತ್ತು.
ಮರಳುಕಾಗದದಲ್ಲಿ ಉಜ್ಜಿ ಬಿಗಿದೆ.
ಮೂರು ದಿನಾರು ಕೊಟ್ಟಳು, ಹಲ್ವಾ ಬೇರೆ.

ಮುಚ್ಚಳ ಹಾಕುವ ಮುಂಚೆ
ಅವನ ಪೆನ್ಸಿಲಿನ ಕೆಳಗೆ ನನ್ನ ಪೆನ್ನಿನಲ್ಲಿ ಬರೆದೆ:
‘ಆಚಿ ಮನಿಗೆ. ತೆಗುದ್ ಬ್ಯಾಡ’.

ಮುಂದೆ ಬರುವವನು ಮಲಯಾಳಿಯೋ ನೇಪಾಳಿಯೋ, ಯಾರಿಗೆ ಗೊತ್ತು,
ಓದಲಾರ.
ಆದರೂ ಕತ್ತರಿಸುವ ಮೊದಲು ಒಂದು ಗಳಿಗೆ
ಇಕ್ಕಳ ಎತ್ತಿಹಿಡಿದು ನಿಂತಾನು:
ಇದೇನಪ್ಪ, ಇಬ್ಬರು ಬರೆದಿದ್ದಾರಲ್ಲ.